ಓಟದಿಂದ ಓದಿಗೆ: ನವಾಲ್ ಅಲ್ ಮುತವಕ್ಕಿಲ್

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಎಂದರೆ ನಮಗೆ ನೆನಪಾಗುವುದು ಪಿ.ಟಿ. ಉಷಾ. 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಿಂದ ಕಂಚು ಅವರ ಕೈತಪ್ಪಿತು. ಅದೇ ಓಟದಲ್ಲಿ ಚಿನ್ನ ಗೆದ್ದವರು ಯಾರೆಂದು ಬಲ್ಲಿರಾ?

ಮೊರೊಕ್ಕೊದ ನವಾಲ್ ಅಲ್ ಮುತವಕ್ಕಿಲ್. 1962ರಲ್ಲಿ ಕಾಸಾಬ್ಲಾಂಕಾದಲ್ಲಿ ಜನಿಸಿದ ಅವರಿಗೆ ಓಟದಿಂದಲೇ ವಿದ್ಯಾರ್ಥಿವೇತನ ದೊರೆತು, ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುವ ಅವಕಾಶ ಸಿಕ್ಕಿತು. ಆಗಸ್ಟ್ 8ರಂದು ಅವರು 54.61 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಮಹಿಳೆಯರ ಈ ಸ್ಪರ್ಧೆ ಒಲಿಂಪಿಕ್ಸ್‌ಗೆ ಸೇರಿದ್ದೇ ಆ ವರ್ಷ. ಮೊರೊಕ್ಕೊಗೆ ಅದು ಮೊದಲ ಒಲಿಂಪಿಕ್ ಚಿನ್ನ. ಅರಬ್ ಮಹಿಳೆಯರಿಗೂ ಮೊದಲನೆಯದು. ಅಂದು ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ನವಾಲ್ ಎಂದು ಹೆಸರಿಡುವಂತೆ ದೊರೆ ಎರಡನೇ ಹಸನ್ ಹೇಳಿದರು. ಅರಬ್ಬಿಯಲ್ಲಿ ಆ ಪದಕ್ಕೆ ‘ಕೊಡುಗೆ’ ಎಂಬ ಅರ್ಥವಿದೆ.

ಪದಕದೊಂದಿಗೆ ಅವರ ಸೇವೆ ಮುಗಿಯಲಿಲ್ಲ. 1993ರಲ್ಲಿ ಕಾಸಾಬ್ಲಾಂಕಾದಲ್ಲಿ ಮಹಿಳೆಯರಿಗಾಗಿಯೇ ಓಟದ ಸ್ಪರ್ಧೆ ಆರಂಭಿಸಿದರು. 1998ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯೆಯಾದರು. 2007ರಲ್ಲಿ ತಮ್ಮ ದೇಶದ ಕ್ರೀಡಾ ಸಚಿವೆಯಾದರು.

ಹತ್ತನೇ ತರಗತಿ ಬಂತೆಂದರೆ ಮಗಳ ಆಟ ನಿಲ್ಲಿಸುವ ಪಾಲಕರೇ, ಒಮ್ಮೆ ಯೋಚಿಸಿ. ಓಟ ನವಾಲ್ ಅವರ ಓದನ್ನು ಕೆಡಿಸಲಿಲ್ಲ, ವಿಶ್ವವಿದ್ಯಾಲಯದ ಬಾಗಿಲನ್ನೇ ತೆರೆಯಿತು. ವಿದ್ಯಾರ್ಥಿನಿಯರೇ, ಪುಸ್ತಕದ ಜೊತೆಗೆ ಮೈದಾನವನ್ನೂ ಬಿಡಬೇಡಿ.