ಮೂತ್ರಪಿಂಡದಾನದ ಚರಿತ್ರೆ: ದಾನಿಗೆ ಮೊದಲು ಅಭಯ

ಮುಧೋಳದಲ್ಲಿ ಜನಿಸಿದ ರನ್ನಕವಿಯು ಕ್ರಿ.ಶ. ೯೯೩ರಲ್ಲಿ ಅಜಿತಪುರಾಣವನ್ನು ರಚಿಸಿದಾಗ, ತೀರ್ಥಂಕರನ ಚರಿತೆಯೊಡನೆ ತನಗೆ ಆಶ್ರಯವಿತ್ತ ದಾನಚಿಂತಾಮಣಿ ಅತ್ತಿಮಬ್ಬೆಯ ದಾನಗುಣವನ್ನೂ ಕೊಂಡಾಡಿದನು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಮಹಾಶ್ರಾವಿಕೆ ಆಕೆ. ರಬಕವಿ-ಬನಹಟ್ಟಿಗೆ ಸಮೀಪದ ತೇರದಾಳದಲ್ಲಿ ೧೨ನೆಯ ಶತಮಾನದಲ್ಲಿ ಮಾಂಡಲಿಕ ಗೊಂಕನು ಕಟ್ಟಿಸಿದ ನೇಮಿನಾಥ ಬಸದಿಯೂ, ಅಲ್ಲಿನ ಶಾಸನವೂ ಈ ನಾಡಿನ ದಾನಪರಂಪರೆಗೆ ಸಾಕ್ಷಿಯಾಗಿ ನಿಂತಿವೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ನಮ್ಮ ಮನೆಯ ಮಕ್ಕಳಿಗೂ ಬಾಯಿಪಾಠವಾಗಿವೆ.

ಆದರೆ ನಮ್ಮ ಹಿರಿಯರು ಕಾಣದಿದ್ದ ಒಂದು ದಾನವು ನಮ್ಮ ಕಾಲದಲ್ಲಿ ಬಂದಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಯಾವುದಾದರೊಂದು ಮನೆಯಲ್ಲಿ ಒಬ್ಬರ ಮೂತ್ರಪಿಂಡಗಳೆರಡೂ, ಅಂದರೆ ಜನ ಕಿಡ್ನಿ ಎನ್ನುವ ಅಂಗಗಳು, ಕೆಟ್ಟವೆಂದು ವೈದ್ಯರು ಹೇಳಿದೊಡನೆ ಆ ಮನೆಯಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ: ಹಣ ಎಲ್ಲಿಂದ? ಕೊಡುವವರು ಯಾರು? ಮೊದಲನೆಯ ಪ್ರಶ್ನೆಯನ್ನು ಹೊತ್ತು ಅವರು ಬಸದಿಯ ಟ್ರಸ್ಟಿನ ಬಾಗಿಲಿಗೆ ಬರುತ್ತಾರೆ. ಎರಡನೆಯದನ್ನು ಮನೆಯೊಳಗೇ ತೀರ್ಮಾನಿಸುತ್ತಾರೆ. ಧರ್ಮವು ಹೆಚ್ಚು ಎಚ್ಚರದಿಂದ ನೋಡಬೇಕಾದುದು ಈ ಎರಡನೆಯ ಪ್ರಶ್ನೆಯನ್ನು ಎಂಬುದೇ ಪ್ರಸ್ತುತ ಲೇಖನದ ಅಭಿಪ್ರಾಯ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಾನದ ವೈಶಿಷ್ಟ್ಯವನ್ನು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ ಅಳೆಯಲಾಗಿದೆ. ಕೊಡುವ ಕ್ರಮ, ಕೊಡುವ ವಸ್ತು, ಕೊಡುವವನು, ಪಡೆಯುವವನು: ಇವುಗಳಲ್ಲಿ ಯಾವುದು ಕುಂದಿದರೂ ದಾನದ ಫಲ ಕುಂದುತ್ತದೆ. ಆಧುನಿಕ ವೈದ್ಯವು ಈ ನಾಲ್ಕನ್ನೂ ಒಂದೊಂದಾಗಿ, ಬಹಳ ಬೆಲೆ ತೆತ್ತು ಕಲಿಯಿತು.

ಮೊದಲಿಗೆ ಅದರ ದೃಷ್ಟಿ ಪಾತ್ರದ ಮೇಲಷ್ಟೇ ಇತ್ತು. ೧೯೩೩ರಲ್ಲಿ ಉಕ್ರೇನಿನ ಖೆರ್ಸೋನ್ ನಗರದಲ್ಲಿ ಯೂರಿ ವೊರೊನೊಯ್ ಎಂಬ ಶಸ್ತ್ರವೈದ್ಯನು ಮನುಷ್ಯನ ಮೂತ್ರಪಿಂಡವನ್ನು ಮತ್ತೊಬ್ಬ ಮನುಷ್ಯನಿಗೆ ಮೊತ್ತಮೊದಲು ಕಸಿ ಮಾಡಿದನು. ಪಾದರಸದ ವಿಷವೇರಿ ಮೂತ್ರಪಿಂಡಗಳು ಹಠಾತ್ತನೆ ಸ್ತಬ್ಧವಾಗಿದ್ದ ತರುಣಿ ಆತನ ರೋಗಿ. ತಲೆಗೆ ಪೆಟ್ಟಾಗಿ ಸತ್ತವನೊಬ್ಬನ ಮೂತ್ರಪಿಂಡವನ್ನು ಸಾವಿನ ಸುಮಾರು ಆರು ಗಂಟೆಗಳ ತರುವಾಯ ತೆಗೆಯಲಾಗಿತ್ತು. ರಕ್ತದ ಗುಂಪೂ ಹೊಂದುತ್ತಿರಲಿಲ್ಲ. ಎರಡು ದಿನಗಳಲ್ಲಿ ಆಕೆ ತೀರಿಕೊಂಡಳು. ಕರುಣೆಯಿತ್ತು, ಪಾತ್ರವಿತ್ತು, ದ್ರವ್ಯವು ಕೆಟ್ಟಿತ್ತು.

ಈ ಕೆಡುಕಿನ ಬಗೆಯನ್ನು ತಿಳಿಯುವುದು ಅವಶ್ಯ. ರಕ್ತ ಹರಿಯುವುದು ನಿಂತೊಡನೆ ಮೂತ್ರಪಿಂಡದ ಸೂಕ್ಷ್ಮನಾಳಗಳ ಜೀವಕೋಶಗಳು ಆಮ್ಲಜನಕವಿಲ್ಲದೆ ಬಳಲುತ್ತವೆ. ವಿಚಿತ್ರವೆಂದರೆ, ಕಸಿಯಾದ ಮೇಲೆ ರಕ್ತ ಮರಳಿ ನುಗ್ಗುವಾಗ ಎರಡನೆಯ ಹಾನಿಯೂ ಸಂಭವಿಸುತ್ತದೆ. ಅಂಗವನ್ನು ತಂಪಾಗಿರಿಸಿದರೆ ಮೊದಲ ಹಾನಿ ನಿಧಾನವಾಗುತ್ತದೆ. ೧೯೬೦ರ ದಶಕದ ಕೊನೆಯಲ್ಲಿ ಇದಕ್ಕೆ ತಕ್ಕ ಶೀತದ್ರಾವಣ ಸಿದ್ಧವಾಯಿತು, ೧೯೮೦ರ ದಶಕದಲ್ಲಿ ಇನ್ನೂ ಉತ್ತಮವಾದುದು ಬಂದಿತು. ಇಂದಿಗೂ, ವಿಶೇಷವಾಗಿ ಮೃತದಾನಿಯ ಮೂತ್ರಪಿಂಡವು, ಕೂಡಲೇ ಕೆಲಸ ಆರಂಭಿಸದೆ ಇರಬಹುದು. ಮೊದಲ ವಾರದಲ್ಲಿ ಡಯಾಲಿಸಿಸ್ ಬೇಕಾಗಬಹುದು. ಬಹುತೇಕ ಅದು ದಿನಗಳಲ್ಲಿ ಅಥವಾ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ದಾನ ವ್ಯರ್ಥವಾಯಿತೆಂದು ಮನೆಯವರು ಎದೆಗುಂದಬೇಕಾಗಿಲ್ಲ.

ದಾತೃವಿನ ಪ್ರಶ್ನೆ ಸ್ಪಷ್ಟವಾಗಿ ಎದ್ದುದು ೧೯೫೪ರ ಡಿಸೆಂಬರ್ ೨೩ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ. ಅಂದು ಡಾ. ಜೋಸೆಫ್ ಮರ್ರೆಯವರು ರೊನಾಲ್ಡ್ ಹೆರಿಕ್‌ನ ಒಂದು ಮೂತ್ರಪಿಂಡವನ್ನು ಅವನ ಅವಳಿ ಸಹೋದರ ರಿಚರ್ಡ್‌ನಿಗೆ ಕಸಿ ಮಾಡಿದರು. ಅದಕ್ಕೆ ಮೊದಲು ಅವರು ಇತರ ವೈದ್ಯರನ್ನು, ಕಾನೂನು ಬಲ್ಲವರನ್ನು ಮಾತ್ರವಲ್ಲದೆ ವಿವಿಧ ಮತಗಳ ಧರ್ಮಗುರುಗಳನ್ನೂ ವಿಚಾರಿಸಿದರೆಂಬುದು ಗಮನಾರ್ಹ. ಆರೋಗ್ಯವಂತನ ಮೈಯನ್ನು ಅವನ ಹಿತಕ್ಕಲ್ಲದೆ ಪರರ ಹಿತಕ್ಕಾಗಿ ಕೊಯ್ಯಬಹುದೇ? ಅದು ಅಹಿಂಸೆಯ ಪ್ರಶ್ನೆಯೇ ಆಗಿತ್ತು. ಶಸ್ತ್ರಕ್ರಿಯೆಯ ಹಿಂದಿನ ರಾತ್ರಿ ರಿಚರ್ಡ್ ತನ್ನ ಸಹೋದರನಿಗೆ ಚೀಟಿ ಬರೆದು, ಇಲ್ಲಿಂದ ಹೊರಟು ಮನೆಗೆ ಹೋಗೆಂದು ಹೇಳಿದನು. ತಾನು ಇಲ್ಲಿಯೇ ಉಳಿಯುವೆನೆಂದು ರೊನಾಲ್ಡ್ ಮರುಚೀಟಿ ಕಳುಹಿಸಿದನು. ಹಿಂದೆ ಸರಿಯಲು ಬಾಗಿಲು ಕೊನೆಯ ರಾತ್ರಿಯವರೆಗೂ ತೆರೆದಿತ್ತು. ರಿಚರ್ಡ್ ಎಂಟು ವರ್ಷ ಬಾಳಿದನು. ಕೊಟ್ಟವನು ೨೦೧೦ರವರೆಗೆ, ಅಂದರೆ ೫೬ ವರ್ಷ ಬಾಳಿದನು. ಡಾ. ಮರ್ರೆಯವರಿಗೆ ೧೯೯೦ರಲ್ಲಿ ನೊಬೆಲ್ ಪುರಸ್ಕಾರ ದೊರೆಯಿತು.

ಹಾಗಾದರೆ ಕೊಡುವವನಿಗೆ ಅಪಾಯವೇ ಇಲ್ಲವೆ? ದೀರ್ಘಕಾಲ ಹಾಗೆಂದೇ ನಂಬಲಾಗಿತ್ತು. ೨೦೧೦ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಂತೆ ಶಸ್ತ್ರಕ್ರಿಯೆಯ ನಂತರದ ೯೦ ದಿನಗಳಲ್ಲಿ ಮರಣಿಸಿದ ದಾನಿಗಳು ಹತ್ತು ಸಾವಿರಕ್ಕೆ ಸುಮಾರು ಮೂವರು. ೨೦೧೪ರ ಮತ್ತೊಂದು ಅಧ್ಯಯನವು, ಜೀವಿತಾವಧಿಯಲ್ಲಿ ತಾವೇ ಮೂತ್ರಪಿಂಡ ವೈಫಲ್ಯಕ್ಕೆ ಗುರಿಯಾಗಬಹುದಾದ ದಾನಿಗಳು ಹತ್ತು ಸಾವಿರಕ್ಕೆ ೯೦ ಮಂದಿ ಎಂದೂ, ಅಷ್ಟೇ ಆರೋಗ್ಯವಂತರಾಗಿ ದಾನ ಮಾಡದವರಲ್ಲಿ ೧೪ ಮಂದಿ ಎಂದೂ ಅಂದಾಜು ಮಾಡಿತು. ಅಪಾಯ ಅಲ್ಪ, ಆದರೆ ಇಲ್ಲವೇ ಇಲ್ಲವೆಂಬುದು ಸತ್ಯವಲ್ಲ. ಈ ಅಲ್ಪವನ್ನು ಮುಚ್ಚಿಟ್ಟು ಪಡೆದ ಒಪ್ಪಿಗೆಯಲ್ಲಿ ಸತ್ಯವ್ರತದ ಭಂಗವಿದೆ.

ವಿಧಿಯನ್ನು ನಮ್ಮ ದೇಶ ಕಲಿತುದು ಕೊನೆಗೆ. ೧೯೭೧ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಭಾರತದ ಮೊದಲ ಯಶಸ್ವಿ ಕಸಿ ನಡೆಯಿತು. ಮುಂದಿನ ಎರಡು ದಶಕಗಳಲ್ಲಿ ದಾನದ ಹೆಸರಿನಲ್ಲಿ ಮಾರಾಟವೂ ಬೆಳೆಯಿತು. ಬೆಂಗಳೂರೂ ಆ ಕಳಂಕದಿಂದ ಹೊರತಾಗಿರಲಿಲ್ಲ. ೧೯೯೪ರ ಮಾನವ ಅಂಗಾಂಗ ಕಸಿ ಕಾಯಿದೆಯು ಮಾರಾಟವನ್ನು ಅಪರಾಧವೆಂದು ಸಾರಿತು. ೨೦೧೧ರ ತಿದ್ದುಪಡಿ ಶಿಕ್ಷೆಯನ್ನು ಹೆಚ್ಚಿಸಿತು. ಮಾರಿದವರ ಪಾಡೇನಾಯಿತು? ಚೆನ್ನೈಯಲ್ಲಿ ಮೂತ್ರಪಿಂಡ ಮಾರಿದ ೩೦೫ ಜನರನ್ನು ವಿಚಾರಿಸಿ ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ ೯೬ರಷ್ಟು ಮಂದಿ ಸಾಲ ತೀರಿಸಲು ಮಾರಿದ್ದರು. ಮುಕ್ಕಾಲು ಪಾಲು ಜನರ ಸಾಲ ತೀರಿರಲಿಲ್ಲ. ಶೇಕಡಾ ೮೬ರಷ್ಟು ಮಂದಿ ತಮ್ಮ ಆರೋಗ್ಯ ಕೆಟ್ಟಿತೆಂದರು. ಮಗ್ಗವನ್ನೇ ನಂಬಿದ ರಬಕವಿ-ಬನಹಟ್ಟಿಯ ಓದುಗರಿಗೆ ಸಾಲವೆಂದರೇನೆಂದು ವಿವರಿಸಬೇಕಾಗಿಲ್ಲ. ಬಡವನ ಒಪ್ಪಿಗೆಯನ್ನು ಹಣದಿಂದ ಕೊಂಡ ಬಳಿಕ ಅದು ದಾನವಾಗಿ ಉಳಿಯುವುದಿಲ್ಲ. ಹಣ ಕೊಟ್ಟವನಿಗೂ, ಅರಿತು ನೆರವಾದ ಸಂಸ್ಥೆಗೂ ದೋಷ ತಟ್ಟುತ್ತದೆ.

ಮಾರಾಟಕ್ಕೆ ಆಸ್ಪದವಿಲ್ಲದ ಇನ್ನೊಂದು ದಾರಿ ಮರಣಾನಂತರದ ದಾನ. ಕರ್ನಾಟಕದಲ್ಲಿ ೨೦೦೭ರಿಂದ ಇದಕ್ಕೆ ಸರಕಾರಿ ವ್ಯವಸ್ಥೆಯಿದೆ. ಈಗ ಅದು ‘ಜೀವಸಾರ್ಥಕತೆ’ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ೨೦೨೧ರ ಜೂನ್ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ಮಿದುಳು ನಿಷ್ಕ್ರಿಯಗೊಂಡ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಕುಟುಂಬದವರು ದಾನ ಮಾಡಿದುದನ್ನು ನಾಡೇ ಕಂಡಿದೆ. ಕಾನೂನಿನಂತೆ ನಾಲ್ವರು ವೈದ್ಯರ ಮಂಡಲಿಯು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿದ ಮೇಲೆಯೇ ಮಿದುಳುಕಾಂಡದ ಮರಣವನ್ನು ಘೋಷಿಸಬೇಕು. ಎದೆ ಏರಿಳಿಯುತ್ತಿರುವಾಗ ಇದು ಮರಣವೇ ಎಂದು ಅಹಿಂಸಾವ್ರತಿಗಳು ಶಂಕಿಸುವುದು ಸಹಜ. ದಶಪ್ರಾಣಗಳಲ್ಲೊಂದಾದ ಉಸಿರಾಟವು ಅಲ್ಲಿ ಆ ವ್ಯಕ್ತಿಯದಾಗಿ ಉಳಿದಿಲ್ಲ, ಯಂತ್ರದ್ದು ಎಂಬುದನ್ನು ವಿಚಾರ ಮಾಡಬಹುದು. ಆದರೂ ಒಪ್ಪದ ಕುಟುಂಬವನ್ನು ಯಾರೂ ಒತ್ತಾಯಿಸಬಾರದು.

ಈ ಚರಿತ್ರೆಯಿಂದ ನಮ್ಮ ಟ್ರಸ್ಟುಗಳು ಕಲಿಯಬೇಕಾದುದು ಮೂರು ಸಂಗತಿಗಳು. ಒಂದು: ಧನಸಹಾಯಕ್ಕೆ ಮುನ್ನ ದಾನಿಯನ್ನು ಪ್ರತ್ಯೇಕವಾಗಿ ಮಾತನಾಡಿಸಬೇಕು. ನಮ್ಮ ದೇಶದಲ್ಲಿ ಜೀವಂತ ದಾನಿಗಳಲ್ಲಿ ಹೆಚ್ಚಿನವರು ಸ್ತ್ರೀಯರು: ತಾಯಿ, ಹೆಂಡತಿ, ಅಕ್ಕತಂಗಿ. ಅತ್ತೆಮಾವಂದಿರ ಎದುರು ಸೊಸೆ ಸುಮ್ಮನಿದ್ದರೆ ಅದು ಸಮ್ಮತಿಯಲ್ಲ. ಆಕೆ ಬೇಡವೆಂದರೆ ಆ ಮಾತು ಆಕೆಯ ಮೇಲೆ ಅಪವಾದವಾಗದಂತೆ ಕಾಯುವುದೂ ಅಭಯದಾನವೇ. ಎರಡು: ಸಹಾಯಧನದಲ್ಲಿ ಒಂದು ಭಾಗವನ್ನು ದಾನಿಯ ವಾರ್ಷಿಕ ತಪಾಸಣೆಗೆ ಮೀಸಲಿಡಬೇಕು. ರಕ್ತದೊತ್ತಡ, ಮೂತ್ರದಲ್ಲಿನ ಸಸಾರಜನಕ, ರಕ್ತದ ಕ್ರಿಯಾಟಿನಿನ್: ಇವನ್ನು ವರ್ಷಕ್ಕೊಮ್ಮೆ ನೋಡಿಸಿ, ನೋವಿನ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ನುಂಗದಿದ್ದರೆ ಉಳಿದ ಒಂದು ಮೂತ್ರಪಿಂಡಕ್ಕೆ ರಕ್ಷಣೆ. ಮೂರು: ಹಾನಿಯನ್ನೇ ತಡೆಯುವುದು. ಹಾವು ಕಡಿತ, ವಾಂತಿಭೇದಿ, ಬಿಸಿಲಲ್ಲಿ ನೀರಿಲ್ಲದೆ ಕಬ್ಬು ಕಡಿಯುವ ದುಡಿಮೆ, ಅತಿಯಾದ ನೋವಿನ ಮಾತ್ರೆ: ಇವುಗಳಿಂದಾಗುವ ಹಠಾತ್ ಹಾನಿಯು ಸಕಾಲಿಕ ಚಿಕಿತ್ಸೆಯಿಂದ ಅನೇಕ ವೇಳೆ ಗುಣವಾಗುತ್ತದೆ. ಅಂಥವರಿಗೆ ಕಸಿಯೇ ಬೇಕಾಗುವುದಿಲ್ಲ.

ಪಡೆಯುವವನ ಪ್ರಾಣದಷ್ಟೇ ಕೊಡುವವನ ಪ್ರಾಣವೂ ಪವಿತ್ರವಾದುದು. ಜಗತ್ತು ದಾನಿಯನ್ನು ತಡವಾಗಿ ನೆನೆಯಿತು. ಆಹಾರ, ಔಷಧ, ಶಾಸ್ತ್ರಗಳೊಡನೆ ಅಭಯವನ್ನೂ ದಾನವೆಂದು ಎಣಿಸಿದ ಪರಂಪರೆಯವರಾದ ನಾವು ಅವನನ್ನು ಮೊದಲೇ ನೆನೆಯಬೇಕು.