ಹಳೇ ಕಂಪ್ಯೂಟರ್‌ಗೆ ಎಷ್ಟು ರ‍್ಯಾಮ್ ಹಾಕಿಸಬೇಕು? ದುಡ್ಡು ಕೊಡೋ ಮೊದಲು ಈ ಲೆಕ್ಕ ನೋಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ವಿಂಡೋಸ್ 11 ಅಧಿಕೃತವಾಗಿ ಬೇಕೆಂದರೆ ಟಿಪಿಎಂ 2.0 ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ನಂತರದ್ದಾಗಿರಬೇಕು. ಅಂದರೆ ಚೆನ್ನಾಗೇ ಓಡುತ್ತಿರುವ ಎಷ್ಟೋ ಯಂತ್ರಗಳಿಗೆ ಕಂಪನಿಯೇ ನಿವೃತ್ತಿ ಘೋಷಿಸಿದೆ.

ಇನ್ನೊಂದು ಕಡೆ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ನುಂಗುತ್ತಿವೆ. ಜಗತ್ತಿನ ಮೆಮೊರಿ ಚಿಪ್ ಮಾರುಕಟ್ಟೆಯ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳ ಕೈಲಿದೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್, ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ 'ಕ್ರೂಶಿಯಲ್' ವ್ಯವಹಾರದಿಂದಲೇ ಹೊರಬರುವುದಾಗಿ ಘೋಷಿಸಿತು. ಇಂಥ ಹೊತ್ತಲ್ಲಿ "ಇರಲಿ ಬಿಡಿ, 16 ಜಿಬಿ ಹಾಕ್ಸಿಬಿಡಿ" ಅನ್ನೋ ಸಲಹೆಗೆ ಸುಮ್ಮನೆ ತಲೆಯಾಡಿಸಬೇಡಿ.

ನಿಜಕ್ಕೂ ರ‍್ಯಾಮ್ ಕೊರತೆನಾ?

ದಿನಾ ಬಳಸುವ ಎಲ್ಲವನ್ನೂ ತೆರೆದಿಡಿ: ಬ್ರೌಸರ್‌ನ ಹತ್ತಿಪ್ಪತ್ತು ಟ್ಯಾಬ್, ಟೈಪಿಂಗ್ ಫೈಲ್, ಒಂದು ವಿಡಿಯೋ ಕಾಲ್. ಈಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನ 'ಪರ್ಫಾರ್ಮೆನ್ಸ್' ವಿಭಾಗದಲ್ಲಿ 'ಮೆಮೊರಿ' ನೋಡಿ.

ಬಳಕೆ ಶೇ. 90ರ ಆಸುಪಾಸಲ್ಲೇ ನಿಂತು, ಡಿಸ್ಕ್ ಕೂಡ ಸತತ ಓಡುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ ಎಂದರ್ಥ. ಜಾಗ ಸಾಲದೆ ಯಂತ್ರ ಡಿಸ್ಕನ್ನೇ ಮೆಮೊರಿಯಂತೆ ಬಳಸುತ್ತಿದೆ. ಬಳಕೆ ಶೇ. 60ರಷ್ಟೇ ಇದ್ದು ಡಿಸ್ಕ್ ಮಾತ್ರ ಶೇ. 100 ತೋರಿಸುತ್ತಿದ್ದರೆ, ತೊಂದರೆ ಹಳೇ ಹಾರ್ಡ್ ಡಿಸ್ಕ್‌ದು. ಆಗ ಎಷ್ಟು ರ‍್ಯಾಮ್ ಸುರಿದರೂ ಪ್ರಯೋಜನವಿಲ್ಲ, ಎಸ್‌ಎಸ್‌ಡಿ ಹಾಕಿಸಿ.

ಅದೇ ಪುಟದಲ್ಲಿ 'ಕಮಿಟೆಡ್' ಅಂತ ಎರಡು ಸಂಖ್ಯೆ ಇರುತ್ತವೆ. ಮೊದಲನೆಯದು, ಓಡುತ್ತಿರುವ ಪ್ರೋಗ್ರಾಂಗಳು ಒಟ್ಟು ಕೇಳಿಟ್ಟಿರುವ ಮೆಮೊರಿ. ಅದು 6 ಜಿಬಿ ದಾಟದಿದ್ದರೆ ನಿಮಗೆ 8 ಜಿಬಿ ಸಾಕು. 10-11 ಮುಟ್ಟುತ್ತಿದ್ದರೆ 16ರ ಯೋಚನೆ ಮಾಡಬಹುದು.

ಯಂತ್ರದ ಮಿತಿ ಎಷ್ಟು?

ಬೇಕು ಅನ್ನೋದೇ ಬೇರೆ, ಹಿಡಿಸುತ್ತೆ ಅನ್ನೋದೇ ಬೇರೆ.

32 ಬಿಟ್‌ನ ವಿಂಡೋಸ್ 10 ಇದ್ದರೆ 4 ಜಿಬಿಗಿಂತ ಹೆಚ್ಚು ಹಾಕಿದರೂ ಬಳಕೆಗೆ ಬರಲ್ಲ. ಮೊದಲು 64 ಬಿಟ್‌ಗೆ ಬದಲಾಗಬೇಕು.

ಡಿಡಿಆರ್3 ಜಾಗದಲ್ಲಿ ಡಿಡಿಆರ್4 ಕೂರಲ್ಲ, ಕಚ್ಚಿನ ಜಾಗವೇ ಬೇರೆ. ಇಂಟೆಲ್ 4ನೇ ತಲೆಮಾರಿನ ಲ್ಯಾಪ್‌ಟಾಪ್‌ಗಳಿಗೆ 1.35 ವೋಲ್ಟ್‌ನ ಡಿಡಿಆರ್3ಎಲ್ ಬೇಕು, 1.5 ವೋಲ್ಟ್‌ನ ಹಳೇ ಡಿಡಿಆರ್3 ಅಲ್ಲ.

ಟಾಸ್ಕ್ ಮ್ಯಾನೇಜರ್‌ನಲ್ಲೇ ಎಷ್ಟು ಸ್ಲಾಟ್ ತುಂಬಿದೆ ಅಂತ ಕಾಣುತ್ತೆ. ಒಂದು ಖಾಲಿ ಇದ್ದರೆ ಹಳೇ ಸ್ಟಿಕ್ ತೆಗೆಸಬೇಡಿ, ಅಷ್ಟೇ ಗಾತ್ರದ ಇನ್ನೊಂದನ್ನು ಜೋಡಿಸಿ. ಸಮಾನ ಜೋಡಿ ಇದ್ದರೆ ವೇಗವೂ ತುಸು ಹೆಚ್ಚುತ್ತೆ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅಲ್ಲಿ ಬದಲಿಸೋ ದಾರಿಯೇ ಇಲ್ಲ. ಕೊಳ್ಳುವ ಮೊದಲು ಮಾಡೆಲ್ ನಂಬರ್ ಹಾಕಿ ಗರಿಷ್ಠ ಮಿತಿ ಹುಡುಕಿ.

ಹಾಗಾದರೆ ಎಷ್ಟು?

ಓದು, ಬರಹ, ಆನ್‌ಲೈನ್ ಅರ್ಜಿ, ವಿಡಿಯೋ ನೋಡೋದು ಇಷ್ಟೇ ಇದ್ದರೆ 8 ಜಿಬಿ. ವಿಡಿಯೋ ಎಡಿಟಿಂಗ್, ದೊಡ್ಡ ಫೋಟೋ ಕೆಲಸ, ವರ್ಚುವಲ್ ಮಷೀನ್ ಬಳಸೋರಿಗೆ 16 ಜಿಬಿ. ಹಗುರ ಲಿನಕ್ಸ್ ಹಾಕಿ ಕೆಲವೇ ಟ್ಯಾಬ್ ತೆರೆಯೋರಿಗೆ 4 ಜಿಬಿಯೂ ನಡೆಯುತ್ತೆ. 4ರಿಂದ 8ಕ್ಕೆ ಹೋದಾಗ ಕಾಣುವ ವ್ಯತ್ಯಾಸ, ಇಂಥ ಕೆಲಸಗಳಿಗೆ 8ರಿಂದ 16ಕ್ಕೆ ಹೋದಾಗ ಕಾಣಲ್ಲ.

ಎಷ್ಟೇ ರ‍್ಯಾಮ್ ಹಾಕಿದರೂ ವಿಂಡೋಸ್ 11ರ ಪ್ರೊಸೆಸರ್ ನಿಯಮ ಸಡಿಲವಾಗಲ್ಲ ಅನ್ನೋದು ನೆನಪಿರಲಿ. ಭದ್ರತಾ ಅಪ್‌ಡೇಟ್ ಬೇಕಾದರೆ ಇಂಥ ಯಂತ್ರಗಳಿಗೆ ಲಿನಕ್ಸ್ ಗಟ್ಟಿ ದಾರಿ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಇದನ್ನು ವರ್ಷಗಳಿಂದ ನಡೆಸಿಕೊಂಡು ಬಂದಿವೆ.

ಯಂತ್ರ ಯಾವಾಗ ಹಳೆಯದಾಯಿತು ಅಂತ ಕಂಪನಿಯೊಂದೇ ತೀರ್ಮಾನಿಸಿದರೆ, ಅದರ ಬಿಲ್ ಕಟ್ಟೋರು ನಾವು, ಕಸ ಹೊರೋದು ನಮ್ಮೂರು. 'ರಿಪೇರಿ ಹಕ್ಕು' ಕೇಳೋದರ ಜತೆಗೆ, ಇರೋ ಯಂತ್ರಕ್ಕೆ ಬೇಕಾದಷ್ಟನ್ನೇ ಹಾಕಿಸಿ ಇನ್ನೂ ಕೆಲವು ವರ್ಷ ಓಡಿಸೋದೂ ಅದೇ ರಾಜಕೀಯದ ಭಾಗ.