ಹಳೇ ಬಾಯ್ಲರ್ ಬದಲಿಸೋ ಮುಂಚೆ: ಛತ್ರ, ಲಾಡ್ಜ್, ಹೋಟೆಲಿನವರಿಗೆ ಮಾಹಿತಿ

ದುದ್ದ: ಮದುವೆ ದಿನ ಬೆಳಗಿನ ಜಾವ ಛತ್ರದಲ್ಲಿ ಬಿಸಿನೀರು ನಿಂತರೆ ಆಗೋ ಫಜೀತಿ ಎಲ್ಲರಿಗೂ ಗೊತ್ತು. ಕೆಟ್ಟ ಮೇಲೆ ಅವಸರದಲ್ಲಿ ಅದೇ ಸೈಜಿನದ್ದು ತಂದು ಕೂರಿಸಿದರೆ ಹಳೇ ತಪ್ಪಿಗೇ ಮತ್ತೆ ಬಿಲ್ಲು ಕಟ್ತಾ ಇರಬೇಕು. ಲಗ್ನದ ಸೀಸನ್ ಬರೋ ಮುಂಚೆ, ಹಳೇದು ಓಡುತ್ತಿರುವಾಗಲೇ ಲೆಕ್ಕ ಹಾಕಿ.

ಮೊದಲು ಲೀಟರ್ ಲೆಕ್ಕ
20 ಜನ ಸ್ನಾನ ಮಾಡ್ತಾರೆ, ತಲೆಗೆ 25 ಲೀಟರ್ ಅಂದ್ಕೊಳ್ಳಿ. ಒಟ್ಟು 500 ಲೀಟರ್. 25 ಡಿಗ್ರಿ ಇರುವ 100 ಲೀಟರ್ ನೀರನ್ನು 60 ಡಿಗ್ರಿಗೆ ಕಾಯಿಸಲು ಸುಮಾರು 4 ಯೂನಿಟ್ ಬೇಕು. 500 ಲೀಟರಿಗೆ 20 ಯೂನಿಟ್. 6 ಕಿಲೋವಾಟ್ ಕಾಯಿಲ್ ಇದ್ದರೂ ಮೂರೂವರೆ ಗಂಟೆ ಹಿಡಿಯುತ್ತೆ. ಬೆಳಗ್ಗೆ 5ಕ್ಕೆ ನೀರು ಬೇಕಂದ್ರೆ ರಾತ್ರಿ ಒಂದೂವರೆಗೇ ಸ್ವಿಚ್ ಹಾಕಬೇಕು. ಮಂಜೂರಾದ ಲೋಡ್ ಸಾಲದಿದ್ದರೆ ಮೊದಲು ಸೆಸ್ಕ್ ಕಚೇರಿಗೆ ಅರ್ಜಿ ಕೊಡಿ.

ಅದೇ 500 ಲೀಟರಿಗೆ ಬೇರೆ ದಾರಿ
- ಗ್ಯಾಸ್: ದಿನಕ್ಕೆ ಸುಮಾರು 2 ಕೆ.ಜಿ. 19 ಕೆ.ಜಿ. ಸಿಲಿಂಡರ್ ಒಂಬತ್ತು ದಿನ ಬರಬಹುದು. ಗೀಸರನ್ನು ಮುಚ್ಚಿದ ಬಚ್ಚಲಲ್ಲಿ ಇಡಲೇಬೇಡಿ, ವಿಷಾನಿಲದಿಂದ ಜೀವ ಹೋಗುತ್ತೆ.
- ಸೋಲಾರ್: ಮಾಳಿಗೆ ಮೇಲೆ ನೆರಳಿಲ್ಲದ ಸುಮಾರು 10 ಚದರ ಮೀಟರ್ ಪ್ಯಾನಲ್. ಮೋಡದ ದಿನಕ್ಕೆ ಕಾಯಿಲ್ ಜೊತೆಗಿರಲಿ.
- ಹೀಟ್ ಪಂಪ್: ಗಾಳಿಯ ಬಿಸಿಯನ್ನೇ ಎಳೆದು ನೀರಿಗೆ ಕೊಡುತ್ತೆ. 20 ಯೂನಿಟ್ ಕೆಲಸ ಸುಮಾರು 7ರಲ್ಲಿ ಮುಗಿಯುತ್ತೆ. ಕೊಳ್ಳುವಾಗ ದುಬಾರಿ. ದಿನಾ ನೀರು ಬೇಕಾದ ಲಾಡ್ಜ್, ಹಾಸ್ಟೆಲ್‌ಗೆ ಸರಿ, ತಿಂಗಳಿಗೆರಡು ಮದುವೆ ಆಗೋ ಛತ್ರಕ್ಕೆ ದುಡ್ಡು ವಾಪಸ್ ಬರೋದು ತಡ.
- ಸೌದೆ ಹಂಡೆ: ಸೌದೆ ಸಿಗೋ ಕಡೆ ಅಗ್ಗ. ಹೊಗೆಗೆ ದಾರಿ, ಉರಿ ನೋಡಲು ಒಬ್ಬ ಆಳು ಬೇಕು.

ಬೋರ್ ನೀರಾದರೆ
ಗಡಸು ನೀರು ಕಾದರೆ ಕಾಯಿಲಿಗೆ ಬಿಳಿ ಸುಣ್ಣ ಕಟ್ಟುತ್ತೆ, ಕರೆಂಟ್ ಸುಮ್ಮನೆ ಪೋಲು. ಕೊಳ್ಳುವ ಮುಂಚೆ ನೀರು ಪರೀಕ್ಷೆ ಮಾಡಿಸಿ.

ಕಾನೂನು, ಸುರಕ್ಷತೆ
100 ಡಿಗ್ರಿಗಿಂತ ಕಡಿಮೆ ನೀರು ಕಾಯಿಸೋದು ಬಾಯ್ಲರ್ ಕಾಯ್ದೆಗೆ ಬರಲ್ಲ. ಒತ್ತಡದ ಹಬೆ ಬಾಯ್ಲರ್ ಇಟ್ಟಿರೋ ಹೋಟೆಲಿನವರು ರಾಜ್ಯದ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯಲ್ಲಿ ನೋಂದಣಿ ಬೇಕಾ ಅಂತ ವಿಚಾರಿಸಿಕೊಳ್ಳಿ. ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತೆ ಅಂತ ಬಿರಡೆ ಹಾಕಬೇಡಿ, ಟ್ಯಾಂಕೇ ಸಿಡಿದೀತು.

ಕೊಟೇಶನ್ ಕೇಳುವಾಗ ಬೆಲೆ ಜೊತೆಗೆ ಮೂರು ಬರೆಸಿಕೊಳ್ಳಿ: ಎಷ್ಟು ಲೀಟರ್, ಎಷ್ಟು ಗಂಟೆಯಲ್ಲಿ, ಕೆಟ್ಟರೆ ಎಷ್ಟು ದಿನದಲ್ಲಿ ಮೆಕ್ಯಾನಿಕ್ ಬರ್ತಾನೆ.